ನಗೆಗೆ ಕಾದು ನಿಂತ ಅಕ್ಷರಗಳು

ಜನವರಿ ೬, ಮಂಗಳವಾರ. ಸಂಜೆ ನಾಲ್ಕು

ಬನ್ನಿ, ಬನ್ನಿ, ಕ್ಲೂನಾರಾದ ಮಹಾಜನಗಳೇ! ಮುಂದಿನ ಸಾಲಿನ ದೊಡ್ಡ ಮನುಷ್ಯರೇ, ಹಿಂದಿನ ಬೆಂಚಿನ ಸಿಳ್ಳೆಗಾರರೇ, ಬಾಗಿಲ ಹತ್ತಿರ ನಿಂತು ಒಳಗೂ ಬಾರದೆ ಹೊರಗೂ ಹೋಗದ ಅರೆಮನಸ್ಸಿನವರೇ! ಟೋಪಿ ತೆಗೆಯಿರಿ, ಕೆಮ್ಮು ಮುಗಿಸಿಕೊಳ್ಳಿ, ಇಗೋ ನಿಮ್ಮ ಮುಂದೆ—

ಯಾರೂ ಇಲ್ಲ. ಕೆಟಲ್ ಇದೆ. ಅದಕ್ಕಾದರೂ ಸಿಳ್ಳೆ ಹೊಡೆಯಲು ಬರುತ್ತದೆ. ನನಗೆ ಅದೂ ಇಲ್ಲ.

ಟೀ ಮಾಡಿದೆ. ಇವತ್ತು ಹೆಂಗಸರ ಕ್ರಿಸ್‌ಮಸ್, ಅಡುಗೆಯಿಂದ ಅವರಿಗೆ ರಜೆ. ಅಕ್ಕ ಅಟ್ರಾಕ್ಟ ಒಲೆ ಮುಟ್ಟುವುದಿಲ್ಲ. ಎಪ್ಪತ್ತೈದರ ಮುದುಕಿ, ಹೊಸ ಕೋಟು ಹಾಕಿಕೊಂಡು ಗೆಳತಿಯರ ಜೊತೆ ಊಟಕ್ಕೆ ಹೋದಳು. "ಮೊಟ್ಟೆ ಸೀಯಿಸ್ತೀಯ, ನೋಡ್ಕೊ" ಅಂದು ಹೋದಳು. ಸೀಯಿಸಿದೆ.

ಫರ್ಗಸ್ ಕ್ರೈಯನ್ ಬಂದಿದ್ದ. ಮಾರ್ಟಿನಲ್ಲಿ, ಅಂದರೆ ದನದ ಸಂತೆಯಲ್ಲಿ, ಹರಾಜು ಕೂಗುವವನು. ನಾಟಕೋತ್ಸವ ಸಮಿತಿಗೆ ಅಧ್ಯಕ್ಷ, ಪ್ಯಾಟ್ರಿಕ್ ಹಬ್ಬದ ಮೆರವಣಿಗೆಗೂ ಅಧ್ಯಕ್ಷ. ಊರಲ್ಲಿ ಎಲ್ಲಿ ಖಾಲಿ ಕುರ್ಚಿ ಕಂಡರೂ ಕೂತುಬಿಡುತ್ತಾನೆ.

"ಮ್ಯಾಲಕಿ, ಮಾರಾಯ! ಏಳಬೇಡ, ಏಳಬೇಡ. ಮಾತಾಡಬೇಡ" ಅಂದ. ಅಂದಮೇಲೆ ತಾನೇ ಕೆಂಪಗಾದ.

ಹೋದ ಮೇ ತಿಂಗಳಲ್ಲಿ ಡಾಕ್ಟರು ನನ್ನ ಗಂಟಲಿನ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಈಗ ಕುತ್ತಿಗೆಯಲ್ಲಿ ಒಂದು ತೂತು, ತೂತಿನ ಮೇಲೆ ಕೆಂಪು ಕರವಸ್ತ್ರ. ಒತ್ತಿ ಹಿಡಿದರೆ ಮಾತಾಡಿಸುವ ಯಂತ್ರ ಕೊಟ್ಟಿದ್ದಾರೆ. ಡಬ್ಬದೊಳಗೆ ಸಿಕ್ಕಿದ ಕಣಜದ ದನಿ. ಅದನ್ನು ಮಾಂಸದಂಗಡಿಯಲ್ಲಿ ಮಾತ್ರ ಬಳಸುತ್ತೇನೆ. ಉಳಿದವರಿಗೆಲ್ಲ ಸ್ಲೇಟು.

ಫರ್ಗಸ್ ಸುತ್ತಿ ಬಳಸಿ ವಿಷಯಕ್ಕೆ ಬಂದ. "ಮೂವತ್ತೊಂದು ವರ್ಷ ಉತ್ಸವದ ನಾಂದಿ ನೀನೇ ಹೇಳಿದ್ದೀಯ. ಈ ಸಲ... ಸಮಿತಿ ನನ್ನನ್ನ ಹೇಳು ಅಂತಿದೆ. ನಿನಗೊಂದು ಫಲಕ. ಹಿತ್ತಾಳೆದು. ಹೆಸರು ಕೆತ್ತಿಸಿ. ಆಮೇಲೆ... ಗಂಟೆ ಸ್ವಲ್ಪ ಕೊಟ್ಟಿರ್ತೀಯಾ?"

ಗಂಟೆ! ನಮ್ಮ ಟ್ಯಾನ್ಸಿ ನಾಟಕ ಕಂಪನಿಯ ಗಂಟೆ! ನನ್ನಪ್ಪ ಲಾರಿಯಲ್ಲಿ ಪರದೆ, ಪೆಟ್ಟಿಗೆ, ಹೆಂಡತಿ, ಮಕ್ಕಳನ್ನು ಹೇರಿಕೊಂಡು ಐರ್ಲೆಂಡಿನ ಊರೂರು ಸುತ್ತಿ, ಸಂಜೆಯಾದರೆ ಬೀದಿಯಲ್ಲಿ ಬಾರಿಸಿದ ಗಂಟೆ. ಅದಿಲ್ಲದೆ ಕ್ಲೂನಾರಾದಲ್ಲಿ ಪರದೆ ಏಳುವುದಿಲ್ಲ.

ಸ್ಲೇಟಿನಲ್ಲಿ ಬರೆದೆ: ಗಂಟೆ ಒಂಟಿಯಾಗಿ ಎಲ್ಲಿಗೂ ಹೋಗುವುದಿಲ್ಲ.

"ಹಾಗಂದ್ರೆ?"

ಸ್ಲೇಟು ತಿರುಗಿಸಿ ಬರೆದೆ: ನಾಂದಿ ನನ್ನದು.

ಅವನು ನನ್ನ ಕರವಸ್ತ್ರ ನೋಡಿದ. "ಹೇಗೋ?" ಅಂದ. ಕೆಟ್ಟದಾಗಿ ಅನ್ನಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಹೇಗೆ ಅಂತ ನನಗೂ ಗೊತ್ತಿಲ್ಲ. ಆದರೆ ಕೊಡುವುದಿಲ್ಲ.


ಜನವರಿ ೯, ಶುಕ್ರವಾರ

ಸಿಕ್ಕಿತು!

ಅಕ್ಕನ ಎರಡು ಕರು ಮಾರಲು ಮಾರ್ಟಿಗೆ ಹೋಗಿದ್ದೆ. ಅವಳು ಹರಾಜಿನ ಕಟಕಟೆ ಹತ್ತಿರ, ನಾನು ಕ್ಯಾಂಟೀನಿನಲ್ಲಿ ಹ್ಯಾಮ್ ಸ್ಯಾಂಡ್‌ವಿಚ್ ಮುಂದೆ. ಗಾಜಿನಾಚೆ ಫರ್ಗಸ್ ಹರಾಜು ಕೂಗುತ್ತಿದ್ದ. ಗಾಜು ದಪ್ಪ. ಒಂದಕ್ಷರ ಕೇಳದು. ಬಾಯಿ ಮಾತ್ರ ಮೀನಿನ ಹಾಗೆ. ಆದರೆ ಅವನ ತಲೆಯ ಮೇಲಿನ ಸ್ಕ್ರೀನಿನಲ್ಲಿ... ಹರಾಜಿಗೆ ಬಂದ ದನದ ಲಾಟ್ ನಂಬರು ಎಡದಿಂದ ಜಿಗಿದು ಬಂತು. ತೂಕ ಕೆಳಗಿನಿಂದ ಜಾರಿ ಎದ್ದಿತು. ಬೆಲೆ ಮಗುಚಿ ಮಗುಚಿ ಏರಿತು. ಸುತ್ತಿಗೆ ಬಿದ್ದ ಕ್ಷಣ "ಮಾರಾಯಿತು" ಅನ್ನುವ ಪದ ಊದಿಕೊಂಡು, ನಡುಗಿ, ನಿಂತಿತು.

ದನಿಯಿಲ್ಲ. ಆದರೂ ಕ್ಯಾಂಟೀನೆಲ್ಲ ತಲೆಯೆತ್ತಿ ನೋಡಿತು.

ಸ್ಯಾಂಡ್‌ವಿಚ್ ಬಿಟ್ಟು ಎದ್ದೆ. ಸ್ಕ್ರೀನು ನಡೆಸುವುದು ನೂಲಾ ಮೆಕ್‌ಗೋವನ್, ಐವತ್ತರ ವಿಧವೆ, ಮೆಟ್ಟಿಲ ಮೇಲಿನ ಪುಟ್ಟ ಕ್ಯಾಬಿನ್ನಿನಲ್ಲಿ ಎರಡು ಕಂಪ್ಯೂಟರಿನ ನಡುವೆ ಕೂರುತ್ತಾಳೆ. ಮಾರ್ಟಿಗೆ ಬಾರದೆ ಮನೆಯಲ್ಲೇ ಕೂತು ದನ ಕೊಳ್ಳುವವರಿಗೆ ಇದನ್ನೆಲ್ಲ ತೋರಿಸುವುದೂ ಅವಳೇ. ಬಾಗಿಲು ಬಡಿದು ಸ್ಲೇಟು ಹಿಡಿದೆ: ಅಕ್ಷರ ಕುಣಿಸುವುದು ಕಲಿಸು.

ಓದಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಏನು ಮಾರ್ಬೇಕು?"

ಬರೆದೆ: ನನ್ನನ್ನೇ.

"ವಯಸ್ಸಾಗಿದೆ, ಹಲ್ಲೂ ಅಷ್ಟಕ್ಕಷ್ಟೆ" ಅಂದಳು. "ಗುರುವಾರ ಬಾ. ಗುರುವಾರ ದನ ಇರಲ್ಲ."


ಜನವರಿ ೧೫, ಗುರುವಾರ

ಮೊದಲ ಪಾಠ. ಬೆರಳಿಗೆ ಇಲಿ ಹಿಡಿಯುವುದೇ ಬರುವುದಿಲ್ಲ. ಮೌಸಂತೆ.

ಸಾಫ್ಟ್‌ವೇರಿನಲ್ಲಿ ಸಿದ್ಧ ಕುಣಿತಗಳ ಪಟ್ಟಿಯೇ ಇದೆ. ಟೈಪ್‌ರೈಟರ್, ಪುಟಿತ, ಮಸುಕು, ಉರುಳು. ಎಲ್ಲ ಒತ್ತಿ ನೋಡಿದೆ. ಸರ್ಕಸ್ಸು. ಮದುವೆ ವಿಡಿಯೋ. ನೂಲಾಗೆ ಪುಟಿತ ಇಷ್ಟ. ನನಗೆ ವಾಕರಿಕೆ.

ಆಮೇಲೆ ಕೀಫ್ರೇಮ್ ತೋರಿಸಿದಳು. "ಇಲ್ಲಿಂದ ಹೊರಡು ಅಂತ ಒಂದು ಗುರುತು. ಅಲ್ಲಿ ನಿಲ್ಲು ಅಂತ ಇನ್ನೊಂದು. ನಡುವೆ ನಡೆಯೋದು ಅಕ್ಷರದ ಕೆಲಸ."

ಅರೆ! ಇದು ಅಪ್ಪ ರಂಗದ ಹಲಗೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಹಾಕುತ್ತಿದ್ದ ಗುರುತಲ್ಲವೇ! ಇಲ್ಲಿಂದ ರಾಜ, ಅಲ್ಲಿ ಸಾಯಬೇಕು. ಮತ್ತೆ ಒಂದು ಗೆರೆ ಇದೆ, ಅದನ್ನು ಬಾಗಿಸಿದರೆ ಅಕ್ಷರ ಮೆಲ್ಲಗೆ ಹೊರಟು, ನಡುವೆ ಬೀಸಿ ನಡೆದು, ಕೊನೆಗೆ ತೂಗಿ ನಿಲ್ಲುತ್ತದೆ. ಅಪ್ಪನ ಪ್ರವೇಶವೇ ಅದು! ಬಾಗಿಲಲ್ಲಿ ಒಂದು ಕ್ಷಣ. ಐದು ದೊಡ್ಡ ಹೆಜ್ಜೆ. ಆಮೇಲೆ ಹಡಗು ದಡಕ್ಕೆ ಬಂದ ಹಾಗೆ.

ಎರಡು ಗಂಟೆ ಬಾಗಿಸಿದೆ. "ಇಳಿಸಂಜೆ" ಅನ್ನುವ ಒಂದೇ ಪದ, ನಾಂದಿಯ ಮೊದಲನೆಯದು. ಕೊನೆಗೆ ನಡೆಯಿತು. ಥೇಟ್ ಅಪ್ಪ.

ನೂಲಾ ಅದನ್ನು ಮತ್ತೊಮ್ಮೆ ನಡೆಸಿ ನೋಡಿದಳು. "ಇಷ್ಟು ವರ್ಷ ನಾನು ದನ ನಡೆಸಿದ ಹಾಗೆ ನಡೆಸ್ತಿದ್ದೆ" ಅಂದಳು.


ಜನವರಿ ೨೨

ಪಿಸುಮಾತಿಗೆ: ಚಿಕ್ಕ ಅಕ್ಷರ, ಮಸುಕಿನಿಂದ. ಗದರಿಕೆಗೆ: ಒಮ್ಮೆಲೇ, ಚಲನೆ ಇಲ್ಲ. ದೊಡ್ಡದು ಮಾಡಿದರೆ ಗದರಿಕೆ ಆಗುವುದಿಲ್ಲ, ಬೋರ್ಡ್ ಆಗುತ್ತದೆ. ಅಳುವಿಗೆ... ಇನ್ನೂ ಸಿಕ್ಕಿಲ್ಲ. ನಡುಗಿಸಿದರೆ ಚಳಿಯಂತೆ ಕಾಣುತ್ತದೆ.


ಫೆಬ್ರವರಿ ೨, ಸೋಮವಾರ

ನಾಂದಿ ಪೂರ್ತಿ ಕಟ್ಟಿದೆ. ನಾಲ್ಕು ನಿಮಿಷ. ಅಕ್ಕನಿಗೆ ತೋರಿಸಿದೆ.

ಕನ್ನಡಕ ಹಾಕಿ ಕೂತಳು. ಪಾದ್ರಿಯ ಬೈಕಿನ ತಮಾಷೆ ಬಂತು. ಕಿಸಕ್ಕನೆ ನಕ್ಕಳು. ನಗುತ್ತಲೇ ಇದ್ದಳು. ಅಕ್ಷರಗಳು ಅವಳನ್ನು ಬಿಟ್ಟು ಮುಂದೆ ಹೋದವು. "ನಿಲ್ಸೋ ಅದನ್ನ! ನಾನಿನ್ನೂ ನಗ್ತಿದ್ದೀನಿ! ಏನಂತು, ಏನಂತು?"

ಯಂತ್ರ ನಗೆಗೆ ಕಾಯುವುದಿಲ್ಲ! ನಟನಾದವನು ಕಾಯುತ್ತಾನೆ. ನಗು ಏರುವುದನ್ನು ನೋಡುತ್ತಾನೆ, ಇಳಿಯತೊಡಗಿದಾಗ, ಪೂರ್ತಿ ಸಾಯುವ ಮುಂಚೆ, ಮುಂದಿನ ಮಾತು ಹಾಕುತ್ತಾನೆ. ಅಪ್ಪ ನನಗೆ ಕಲಿಸಿದ್ದು ಇದೊಂದೇ. ಹತ್ತು ವರ್ಷದವನಿದ್ದಾಗ, ರಂಗದ ಪಕ್ಕದ ಪರದೆಯ ಮರೆಯಲ್ಲಿ ನಿಲ್ಲಿಸಿ, ನನ್ನ ಭುಜದ ಮೇಲೆ ಕೈಯಿಟ್ಟು. ಕೈ ಒತ್ತಿದಾಗ, ಮುಂದಿನ ಮಾತು ಈಗ.

ತಕ್ಷಣ ನೂಲಾಗೆ ಮೆಸೇಜು. ಉತ್ತರ: "ಮಾರ್ಟಲ್ಲಿ ಬೆಲೆ ನಾನು ಒತ್ತಿದಾಗಲೇ ಏರೋದು. ಸಾಲು ಸಾಲಾಗಿ ತುಂಡು ಮಾಡು. ಕ್ಲಿಕ್ಕರ್ ನಿನ್ನ ಕೈಗೆ ಕೊಡ್ತೀನಿ."

ನಾಲ್ಕು ನಿಮಿಷದ ಹರಿವನ್ನು ನಲವತ್ತಮೂರು ತುಂಡು ಮಾಡಿದೆ. ಮುಷ್ಟಿಯಲ್ಲಿ ಅಡಗುವ ಗುಂಡಿ. ಒತ್ತಿದಾಗ, ಈಗ.

ನೂಲಾ ಇನ್ನೂ ಒಂದು ಹೇಳಿದಳು. ಅವಳ ಕ್ಯಾಮೆರಾ ಮುಂದೆ ನಾನು ಒಂದೇ ಬಣ್ಣದ ಬಟ್ಟೆಗೆ ಬೆನ್ನು ಕೊಟ್ಟು ನಿಂತರೆ, ಆ ಬಣ್ಣವನ್ನು ಯಂತ್ರ ಆಗಿಂದಾಗಲೇ ಅಳಿಸುತ್ತದೆ. ಅಲ್ಲಿ ಬೇಕಾದ ಚಿತ್ರ ಬರುತ್ತದೆ. ವೇದಿಕೆ ಮೇಲೆ ನಾನು, ಮೇಲಿನ ಸ್ಕ್ರೀನಿನಲ್ಲಿ ಅದೇ ನಾನು... ಅಪ್ಪನ ಹುಣ್ಣಿಮೆ ಕೆರೆಯ ಮುಂದೆ!

ಆ ಪರದೆ ಅಪ್ಪನೇ ಬರೆದದ್ದು. ಪಾಳು ಕೋಟೆ, ಕೆರೆ, ಚಂದ್ರ. ಅಪ್ಪ ಹೋದಮೇಲೆ ಯಾರದೋ ಹುಲ್ಲಿನ ಬಣವೆಗೆ ಹೊದಿಸಿ ಕೊಳೆಯಿತು. ಒಂದು ಬಣ್ಣದ ಫೋಟೋ ಉಳಿದಿದೆ. ಸಾಕು.


ಫೆಬ್ರವರಿ ೧೨, ಗುರುವಾರ

"ಹಸಿರು ಬಟ್ಟೆ ತಾ" ಅಂದಳು ನೂಲಾ. "ಹಸಿರು ಯಾರ ಚರ್ಮದಲ್ಲೂ ಇಲ್ಲ. ಸಲೀಸು."

ಬರೆದೆ: ಹಸಿರು ಆಗುವುದಿಲ್ಲ.

ರಂಗದ ಮೇಲೆ ಹಸಿರು ಬಂದರೆ ಸಾವು. ಇದು ನಮ್ಮ ನಾಟಕದ ಜನರೆಲ್ಲ ಬಲ್ಲ ಮಾತು. ಟ್ಯಾನ್ಸಿ ಕಂಪನಿಯಲ್ಲಿ ಹಸಿರು ರಿಬ್ಬನ್ ಇರಲಿಲ್ಲ, ಹಸಿರು ಸೀಸೆ ಇರಲಿಲ್ಲ, ಕಾಡಿನ ದೃಶ್ಯಕ್ಕೆ ಮರಗಳೆಲ್ಲ ಕಂದು. ೧೯೬೮ರಲ್ಲಿ ಅಪ್ಪನ ವೇಸ್ಟ್‌ಕೋಟು ಹರಿದು, ಯಾರೋ ರೈತ ತನ್ನದನ್ನು ಕೊಟ್ಟ. ಹಸಿರು. ದೀಪದ ಬೆಳಕಿಗೆ ಕಪ್ಪು ಕಾಣುತ್ತದೆ ಅಂದರು. ಎರಡನೇ ಅಂಕದಲ್ಲಿ ಅಪ್ಪ ಗುರುತಿನ ಜಾಗಕ್ಕೆ ಬಂದು ನಿಂತ. ಕುಸಿದ. ಜನ ಚಪ್ಪಾಳೆ ತಟ್ಟಿದರು. ಅಕ್ಕನಿಗೆ ಹದಿನೇಳು. ನನಗೆ ಹದಿಮೂರು.

ಆದ್ದರಿಂದ ನೀಲಿ. ಚರ್ಚಿನಿಂದ ಮೇರಿಮಾತೆಯ ಮೆರವಣಿಗೆಯ ನೀಲಿ ಸ್ಯಾಟಿನ್ ತಂದೆ. ಅಕ್ಕನೇ ಕೇಳಿ ಕೊಡಿಸಿದಳು. ನಾಳೆ ಸಮಿತಿಯ ಮುಂದೆ ಪ್ರದರ್ಶನ. ಶುಕ್ರವಾರ, ತಾರೀಖು ಹದಿಮೂರು, ಅಪಶಕುನದ ಜೋಡಿ. ಅಕ್ಕ ಕ್ಯಾಲೆಂಡರ್ ನೋಡಿ ಎದೆಗೆ ಶಿಲುಬೆ ಗುರುತು ಹಾಕಿಕೊಂಡಳು. ಬಟ್ಟೆ ನೀಲಿ ತಾನೇ, ಸರಿಹೋಗುತ್ತೆ ಅಂದಳು.

ನೂಲಾ ಗೊಣಗಿದಳು. ಸ್ಯಾಟಿನ್ ಮಿಂಚುತ್ತದೆ, ಸುಕ್ಕಿದೆ. ಆದರೂ ನೋಡೋಣ ಅಂದಳು.


ಫೆಬ್ರವರಿ ೧೩, ಶುಕ್ರವಾರ

ಬರೆಯಬೇಕೇ? ಬರೆಯುತ್ತೇನೆ. ಸೋಲಿನ ದೃಶ್ಯವನ್ನು ಕತ್ತರಿಸಿದ ಕಂಪನಿ ನಮ್ಮದಲ್ಲ.

ಹರಾಜು ಮುಗಿದ ಮೇಲೆ ಖಾಲಿ ಕಟಕಟೆಯಲ್ಲಿ ನೀಲಿ ಸ್ಯಾಟಿನ್ ತೂಗುಹಾಕಿದೆವು. ಫರ್ಗಸ್, ಸಮಿತಿಯ ಇಬ್ಬರು ಹೆಂಗಸರು, ಅಕ್ಕ. ಸಗಣಿ ವಾಸನೆ. ಬೆಳಕು ಮಂಕು. ಸುಕ್ಕಿನ ನೆರಳು ಅಳಿಯಲಿಲ್ಲ. ನೂಲಾ ಎಷ್ಟು ಬಗೆಯ ನೀಲಿಯನ್ನು ಅಳಿಸಬೇಕು ಅನ್ನುವ ಗೆರೆಯನ್ನು ಎಳೆದಳು. ಇನ್ನೂ ಎಳೆದಳು. ಸುಕ್ಕು ಹೋಯಿತು. ಕೆರೆ ಬಂತು. ಕೋಟೆ ಬಂತು. ಗಂಟೆ ಎತ್ತಿದೆ, ತಲೆಯೆತ್ತಿದೆ—

ಒಬ್ಬ ಹೆಂಗಸು ಚೀರಿದಳು.

ಸ್ಕ್ರೀನಿನಲ್ಲಿ ನನ್ನ ಕಣ್ಣುಗಳಿರಲಿಲ್ಲ. ಟ್ಯಾನ್ಸಿಗಳ ಕಣ್ಣು ನೀಲಿ. ಹಳೆಯ ಭಿತ್ತಿಪತ್ರಗಳಲ್ಲಿ ಅಪ್ಪ ಅಚ್ಚು ಹಾಕಿಸುತ್ತಿದ್ದ ಕಣ್ಣು! ಈಗ ಎರಡು ತೂತು. ಅದರೊಳಗೆ ಹಿಂದಿನ ಚಿತ್ರ.

"ಅಯ್ಯೋ ದೇವರೇ!" ಫರ್ಗಸ್ ಕಟಕಟೆಯ ಕಂಬಿ ಹಿಡಿದು ಬಗ್ಗಿದ. "ಇವನ ತಲೆಯೊಳಗೆ ಚಂದ್ರ ಕಾಣ್ತಿದ್ದಾನಲ್ರೋ!" ನಕ್ಕ. ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ನನ್ನ ಮುಷ್ಟಿಯಲ್ಲಿ ಗುಂಡಿ ಇತ್ತು. ನಗೆಗೆ ಕಾದೆ. ಅದು ಇಳಿಯಲೇ ಇಲ್ಲ.

ಆಮೇಲೆ ಫರ್ಗಸ್ ಕಣ್ಣೊರೆಸಿಕೊಂಡು ಬಂದು ಭುಜ ತಟ್ಟಿದ. "ತಪ್ಪು ತಿಳೀಬೇಡ ಮ್ಯಾಲಕಿ. ಜನ ಹೆದರ್ತಾರೆ. ನಾಂದಿ ನಾನು ಹೇಳ್ತೀನಿ. ನೀನು ಬಂದು ಫಲಕ ತಗೊ. ಆರಾಮಾಗಿ ಕೂತು ನೋಡು."

ಆರಾಮಾಗಿ.


ಫೆಬ್ರವರಿ ೨೫, ಬುಧವಾರ

ಹನ್ನೆರಡು ದಿನ ಇದನ್ನು ತೆರೆಯಲಿಲ್ಲ. ಬೂದಿ ಬುಧವಾರ ಬಂದು ಹೋಯಿತು. ಪಾದ್ರಿ ಹಣೆಗೆ ಬೂದಿ ಇಟ್ಟ. ಮಣ್ಣಿಂದ ಬಂದೆ, ಮಣ್ಣಿಗೆ ಹೋಗುವೆ ಅಂದ. ನಾನಿನ್ನೂ ಹೋಗಿಲ್ಲ ಅನ್ನಬೇಕೆನಿಸಿತು. ಸ್ಲೇಟು ತಂದಿರಲಿಲ್ಲ.

ಇವತ್ತು ಮಧ್ಯಾಹ್ನ ಬಟಾಣಿ ಸೂಪಿನ ಮುಂದೆ ಕೂತಿದ್ದೆ. ಹಸಿರು. ಅಕ್ಕ ಬಡಿಸಿದ್ದು. ಸೂಪು ಕುಡಿಯಬಹುದಂತೆ, ಉಡಬಾರದಂತೆ! ತಲೆಯೊಳಗೆ ಏನೋ ಮುರಿಯಿತು. ಸ್ಲೇಟು ಎಳೆದೆ: ಹಸಿರು ಬಟ್ಟೆ ತರುತ್ತೇನೆ.

ಅಕ್ಕ ಸೌಟು ಕೆಳಗಿಟ್ಟಳು. "ಈ ಮನೆಗೆ ತರಲ್ಲ."

ಬರೆದೆ: ಎಪ್ಪತ್ತು ವರ್ಷ ಹಸಿರು ಮುಟ್ಟಲಿಲ್ಲ. ಗಂಟಲು ಉಳಿಯಿತಾ?

"ಅದು ಸಿಗರೇಟು! ದಿನಕ್ಕೆ ನಲವತ್ತು! ನಾನು ಬಡ್ಕೊಂಡೆ!"

ಬರೆದೆ: ಹಾಗಾದರೆ ಅಪ್ಪನನ್ನು ಕೊಂದದ್ದು ಹೃದಯ.

ಅವಳು ಓದಿದಳು. ಕನ್ನಡಕ ತೆಗೆದಳು. "ಅಳಿಸೋ ಅದನ್ನ" ಅಂದಳು, ತೀರಾ ಮೆಲ್ಲಗೆ. ಅಳಿಸಲಿಲ್ಲ. ಎದ್ದು ಹೋಗಿ ಬಾಗಿಲು ಹಾಕಿಕೊಂಡಳು. ಸೂಪು ಆರಿತು.

ಸ್ಲೇಟು ಮೇಜಿನ ಮೇಲೆ ಹಾಗೇ ಇಟ್ಟಿದ್ದೇನೆ. ನನಗಿನ್ನೇನು ಮಾಡೀತು ಹಸಿರು? ಕಿತ್ತುಕೊಳ್ಳಬೇಕಾದ್ದನ್ನು ಯಾರೋ ಕಿತ್ತುಕೊಂಡಾಯಿತು. ಉಳಿದವನು ನಾನು. ಬರಲಿ!


ಮಾರ್ಚ್ ೫, ಗುರುವಾರ

ಪ್ಯಾಟ್ರಿಕ್ ಹಬ್ಬ ಹತ್ತಿರ, ಇದೇ ಹದಿನೇಳಕ್ಕೆ. ಊರು ಹಸಿರಾಗುತ್ತಿದೆ. ಮೆರವಣಿಗೆಯ ಲಾರಿಗೆ ಹೊದಿಸುವ ದೊಡ್ಡ ಹಸಿರು ಬಟ್ಟೆಯನ್ನು ನೂಲಾ ತಂದಳು. ಹದಿನೇಳರೊಳಗೆ ವಾಪಸು ಕೊಡಬೇಕು.

ಕ್ಯಾಬಿನ್ ಕೆಳಗೆ ಕಟ್ಟಿದೆವು. ಮೊದಲ ಸಲ ಅದಕ್ಕೆ ಬೆನ್ನು ಕೊಡುವಾಗ ಬೆನ್ನೆಲ್ಲ ಇರುವೆ ಹರಿದವು. ನಿಂತೆ. ಸಾಯಲಿಲ್ಲ. ಸ್ಕ್ರೀನು ನೋಡಿದೆ. ಕಣ್ಣಿದೆ! ಎರಡೂ!

ಆದರೆ ಬಿಳಿ ಕೂದಲ ಅಂಚಿಗೆಲ್ಲ ಹಸಿರು ಕಾಂತಿ. ಕೆರೆಯಿಂದ ಎದ್ದ ಹೆಣದ ಹಾಗೆ. "ಬಟ್ಟೆಯ ಬಣ್ಣ ನಿನ್ನ ಮೇಲೆ ಚೆಲ್ತಿದೆ" ಅಂದಳು ನೂಲಾ. "ಎರಡು ಹೆಜ್ಜೆ ಮುಂದೆ ಬಾ."

ಎರಡು ಹೆಜ್ಜೆ! ಅಪ್ಪನ ಕಾನೂನು. ಪರದೆಯಿಂದ ಎರಡು ಹೆಜ್ಜೆ, ಇಲ್ಲದಿದ್ದರೆ ನಿನ್ನ ನೆರಳು ಚಂದ್ರನ ಮೇಲೆ ಬೀಳುತ್ತದೆ. ಮುಂದೆ ಬಂದೆ. ಕಾಂತಿ ಹೋಯಿತು.

ಸಂಜೆ ಫರ್ಗಸ್ ಮನೆಗೆ ಬಂದ. ಮೆರವಣಿಗೆ ಅಧ್ಯಕ್ಷರ ಹಸಿರು ಕೋಟಿನಲ್ಲಿ. ಹಬ್ಬದ ಎರಡು ವಾರ ಅದನ್ನು ತೆಗೆಯುವುದಿಲ್ಲ. ಅಕ್ಕ ಬಾಗಿಲಲ್ಲೇ ತಡೆದಳು.

"ಕೋಟು ಹೊರಗೆ."

"ಚಳಿ ಇದೆ ಅಟ್ರಾಕ್ಟ!"

"ಹಾಗಾದ್ರೆ ನೀನೂ ಹೊರಗೆ."

ಷರ್ಟಿನಲ್ಲಿ ನಡುಗುತ್ತ ಒಳಗೆ ಬಂದ. ಹದಿಮೂರರ ಶುಕ್ರವಾರ ನಾಟಕೋತ್ಸವದ ಉದ್ಘಾಟನೆ. ನನ್ನನ್ನು ಕರೆದು ಫಲಕ ಕೊಡುತ್ತಾನೆ. ಗಂಟೆ?

ಬರೆದೆ: ತರುತ್ತೇನೆ. ನನ್ನ ಪರದೆಯನ್ನೂ. ಫಲಕ ಅದರ ಮುಂದೆ ತೆಗೆದುಕೊಳ್ಳುತ್ತೇನೆ.

"ಯಾವ ಪರದೆ?"

ಹಸಿರು.

"ನೀನು? ಹಸಿರು?" ಸಂತೋಷವಾಯಿತು ಪಾಪ. "ಹಬ್ಬಕ್ಕೆ ಒಪ್ಪುತ್ತೆ ಕಣೋ! ಅಂತೂ ದಾರಿಗೆ ಬಂದೆ."

ಬಂದೆ. ದಾರಿ ಯಾವುದು ಅಂತ ಅವನು ಕೇಳಲಿಲ್ಲ.


ಮಾರ್ಚ್ ೧೦, ಮಂಗಳವಾರ

ಬಟ್ಟೆಯಲ್ಲಿ ಸುಕ್ಕು. ಮಡಿಸಿಟ್ಟು ಮಡಿಸಿಟ್ಟು ಗೆರೆ ಬಿದ್ದಿವೆ. ಒಂದೊಂದು ಸುಕ್ಕಿಗೂ ನೆರಳು, ಒಂದೊಂದು ನೆರಳಿಗೂ ಕೆರೆಯ ಮೇಲೆ ಕೊಳಕು ಗೀರು. ಮನೆಯೊಳಗೆ ತರುವಂತಿಲ್ಲ, ಆದ್ದರಿಂದ ಷೆಡ್ಡಿನಲ್ಲಿ, ಕಟ್ಟಿಗೆಯ ಪಕ್ಕ ಹರಡಿ ನೀರು ಚಿಮುಕಿಸುತ್ತಿದ್ದೆ.

ಅಕ್ಕ ಬಂದಳು. ಬಾಗಿಲಲ್ಲಿ ನಿಂತಳು. ನೋಡಿದಳು. ಒಳಗೆ ಹೋದಳು. ಇಸ್ತ್ರಿಪೆಟ್ಟಿಗೆ, ಹಲಗೆ, ಕೈಗೆ ಪಾತ್ರೆ ತೊಳೆಯುವ ರಬ್ಬರ್ ಗ್ಲೌಸು, ಜೊತೆಗೆ ತೀರ್ಥದ ಸೀಸೆ. ಬಟ್ಟೆಗೆ ತೀರ್ಥ ಚಿಮುಕಿಸಿದಳು. ನನಗೂ ಬಿತ್ತು.

"ಮಾತಾಡ್ಬೇಡ" ಅಂದಳು. ಫರ್ಗಸ್ ಅಂದದ್ದೇ. ಆದರೆ ಇವಳು ಕೆಂಪಗಾಗಲಿಲ್ಲ.

ಎರಡೂವರೆ ಗಂಟೆ ಒತ್ತಿದಳು. ಒಂದು ತುದಿಯಿಂದ ಇನ್ನೊಂದು ತುದಿಗೆ. ಕೊನೆಗೆ ಬೆನ್ನು ನೆಟ್ಟಗೆ ಮಾಡಿ, "ಸತ್ರೆ ಸಾಯಿ. ಸುಕ್ಕು ಪರದೆ ಮುಂದೆ ಟ್ಯಾನ್ಸಿ ನಿಂತ ಅಂತ ಯಾರೂ ಅನ್ನಬಾರದು" ಅಂದಳು.

ಮಡಿಸಲಿಲ್ಲ. ಕೊಳವೆಗೆ ಸುತ್ತಿದೆವು, ಇಬ್ಬರೂ, ಹಳೆಯ ಕಾಲದ ಹಾಗೆ. ಅವಳು ಆ ತುದಿ, ನಾನು ಈ ತುದಿ. ಹೆಜ್ಜೆ ತಪ್ಪಲಿಲ್ಲ.


ಮಾರ್ಚ್ ೧೩, ಶುಕ್ರವಾರ. ಬೆಳಗ್ಗೆ

ಹೆದರಿಕೆಗೆ ಷೂಗೆ ಮೂರು ಸಲ ಪಾಲಿಶ್ ಹಾಕಿದೆ. ಒಳ್ಳೆಯದು. ಹೆದರದ ದಿನ ಅಪ್ಪ ಕೆಟ್ಟದಾಗಿ ಆಡುತ್ತಿದ್ದ.


ಮಾರ್ಚ್ ೧೪, ಶನಿವಾರ. ಬೆಳಗ್ಗೆ ಹತ್ತು

ಮೆಲ್ಲಗೆ, ಕ್ರಮವಾಗಿ ಬರೆಯಬೇಕು. ಮಹಾಜನಗಳೇ, ಬಾಗಿಲು ಹಾಕಿ!

ಹಾಲ್ ತುಂಬಿತ್ತು. ಮುನ್ನೂರು ಜನ. ಒದ್ದೆ ಕೋಟು, ಪುದೀನ ಮಿಠಾಯಿ. ಹಸಿರು ಬಟ್ಟೆ ವೇದಿಕೆಯ ಮೇಲೆ ಇಸ್ತ್ರಿಯಾದ ಹೊಲದ ಹಾಗೆ. ಮೇಲೆ ಸ್ಕ್ರೀನು, ಖಾಲಿ. ಮುಂದಿನ ಸಾಲಿನ ಮೂಲೆಯಲ್ಲಿ ನೂಲಾ, ಕ್ಯಾಮೆರಾ, ಕಂಪ್ಯೂಟರು. ಫರ್ಗಸ್ ಅದನ್ನೆಲ್ಲ ಫಲಕದ ವಿಡಿಯೋ ತೆಗೆಯಲು ಅಂದುಕೊಂಡಿದ್ದ.

ನನ್ನ ಹೆಸರು ಕೂಗಿದ. ಹತ್ತಿದೆ. ಚಪ್ಪಾಳೆ. ಅಯ್ಯೋ ಪಾಪ ಅನ್ನುವ ಚಪ್ಪಾಳೆ, ನನಗೆ ಗೊತ್ತಾಗುವುದಿಲ್ಲವೇ? ಬಟ್ಟೆಯಿಂದ ಎರಡು ಹೆಜ್ಜೆ ಮುಂದೆ, ಗುರುತಿನ ಮೇಲೆ ನಿಂತೆ. ಫರ್ಗಸ್ ಬಂದು ಫಲಕ ಕೈಗಿತ್ತ. ತೆಗೆದುಕೊಂಡೆ. ನೋಡಿದೆ. ಅವನ ಕೈಗೇ ವಾಪಸು ಕೊಟ್ಟೆ, ಸ್ವಲ್ಪ ಹಿಡಿದುಕೊ ಅನ್ನುವ ಹಾಗೆ.

ಗಂಟೆ ಬಾರಿಸಿದೆ. ಮೂರು ಸಲ.

ನೂಲಾ ಸ್ಕ್ರೀನು ಹೊತ್ತಿಸಿದಳು.

ಅಪ್ಪನ ಕೆರೆ! ಐವತ್ತೆಂಟು ವರ್ಷದ ಮೇಲೆ! ಚಂದ್ರ ಮನೆಯ ಬಾಗಿಲಷ್ಟು. ಅದರ ಮುಂದೆ ನಾನು, ಕಣ್ಣು ಸಮೇತ. ನನ್ನ ಪಕ್ಕ...

ನನ್ನ ಪಕ್ಕ ಫರ್ಗಸ್ಸಿನ ತಲೆ. ತಲೆ ಮಾತ್ರ. ಕುತ್ತಿಗೆ ಕೆಳಗೆ ಕೆರೆಯ ನೀರು. ನೀರಿನ ಮೇಲೆ ತೇಲುವ ಎರಡು ಕೈ, ಒಂದು ಹಿತ್ತಾಳೆ ಫಲಕ.

ಅಧ್ಯಕ್ಷರ ಹಸಿರು ಕೋಟು!

ನಾವು ಯಾರೂ ಯೋಚಿಸಿರಲಿಲ್ಲ. ಆಣೆ ಮಾಡಿ ಹೇಳುತ್ತೇನೆ. ನೂಲಾ ಬಾಯಿಗೆ ಕೈ ಅಡ್ಡ ಹಿಡಿದಳು. ಆಮೇಲೆ ಜನರ ನಗೆಗೆ ಮಾಡು ಹಾರಿತು! ಫರ್ಗಸ್ ಅತ್ತಿತ್ತ ನೋಡಿದ. ತಿರುಗಿ ಸ್ಕ್ರೀನು ನೋಡಿದ. ತನ್ನ ಹೊಟ್ಟೆ ಮುಟ್ಟಿಕೊಂಡ. ಸ್ಕ್ರೀನಿನಲ್ಲಿ ಒಂದು ಕೈ ನೀರು ತಡವಿತು. ಇನ್ನೂ ನಗು.

ಅಷ್ಟರಲ್ಲಿ ನೂಲಾ ಮಾರ್ಟಿನ ಗುಂಡಿ ಒತ್ತಿದಳು. ಎಡದಿಂದ ಜಿಗಿದು ಬಂತು, ಪುಟಿಯುತ್ತ: ಲಾಟ್ ೧. ತಲೆ ಮಾತ್ರ. ಮೈ ಇಲ್ಲ.

ನಾನು ಕಾದೆ. ಜೀವಮಾನದಲ್ಲೇ ಅಷ್ಟು ಉದ್ದದ ನಗೆಗೆ ಕಾದಿರಲಿಲ್ಲ. ಕಟಕಟೆಯಲ್ಲಿ ನನ್ನ ಕಣ್ಣು ಹೋದ ದಿನದ ನಗು ನೆನಪಾಯಿತು. ಫರ್ಗಸ್ಸಿನ ಮುಖ ನೋಡಿದೆ. ಅದೇ ಕೆಂಪು. ಓಡಿಹೋಗುತ್ತಾನೆ ಅಂದುಕೊಂಡೆ. ಹೋಗಲಿ ಅಂತಲೂ ಅಂದುಕೊಂಡೆ, ಸುಳ್ಳು ಬರೆಯುವುದಿಲ್ಲ.

ಹೋಗಲಿಲ್ಲ. ಗಂಟಲು ಸರಿಮಾಡಿಕೊಂಡ. ಮಾರ್ಟಿನ ದನಿ ತೆಗೆದ. "ಬನ್ನಿ, ಯಾರ್ ಕೊಡ್ತೀರಿ ಐವತ್ತು? ಒಳ್ಳೆ ತಲೆ, ಒಬ್ಬನೇ ಯಜಮಾನ, ಹೊಟ್ಟೆಗೆ ಖರ್ಚಿಲ್ಲ! ಐವತ್ತು, ಐವತ್ತು..."

"ಹತ್ತಕ್ಕೂ ಬೇಡ!" ಹಿಂದಿನಿಂದ ಯಾರೋ.

"ಹತ್ತು ಬಂತು!" ಅಂದ. ಫಲಕದಿಂದಲೇ ತನ್ನ ತಲೆಗೆ ಟಪ್ಪನೆ ಬಡಿದುಕೊಂಡ. "ಮಾರಾಯಿತು!" ನನ್ನ ಕಡೆ ತಿರುಗಿ, ಮೈಕಿಗೆ ಕೇಳದ ಹಾಗೆ, "ನಾಂದಿ ನಿನ್ನದೇ ಕಣೋ, ದರಿದ್ರದವನೇ" ಅಂದು ಇಳಿದುಹೋದ.

ನಗು ಇಳಿಯತೊಡಗಿತು. ಪೂರ್ತಿ ಸಾಯುವ ಮುಂಚೆ... ಭುಜದ ಮೇಲೆ ಕೈ ಒತ್ತಿದ ಹಾಗಾಯಿತು.

ಒತ್ತಿದೆ.

"ಇಳಿಸಂಜೆ" ನಡೆದು ಬಂತು. ಬಾಗಿಲಲ್ಲಿ ಒಂದು ಕ್ಷಣ. ಐದು ದೊಡ್ಡ ಹೆಜ್ಜೆ. ತೂಗಿ ನಿಂತಿತು. ಮೂರನೇ ಸಾಲಿನಿಂದ ಅಕ್ಕನ ದನಿ ಕೇಳಿತು, "ಅಪ್ಪ!"

ನಲವತ್ತಮೂರು ತುಂಡು. ಒಂದೂ ಮುಂದೆ ಓಡಲಿಲ್ಲ. ಪಾದ್ರಿಯ ಬೈಕಿಗೆ ಪಾದ್ರಿಯೇ ಕುರ್ಚಿಯಿಂದ ಜಾರಿದ. ಕಾದೆ. ಊರಿನ ಸತ್ತವರ ಹೆಸರು ಬರುವಲ್ಲಿ ಯಾವ ಚಲನೆಯೂ ಇಡಲಿಲ್ಲ, ಒಂದರ ಕೆಳಗೊಂದು. ಕೆಮ್ಮು ಕೂಡ ಇಲ್ಲ. ಕಾದೆ.

ಕೊನೆಯ ಸಾಲು. ಮೂವತ್ತೊಂದು ವರ್ಷ ಗೋಡೆ ಅದುರುವ ಹಾಗೆ ಕೂಗಿದ ನಾಲ್ಕು ಪದದ ಸಾಲು, ಊರಿಗೆಲ್ಲ ಬಾಯಿಪಾಠ. ಎಷ್ಟು ಬಗೆಯಲ್ಲಿ ಕುಣಿಸಿ ನೋಡಿದ್ದೆ, ಯಾವುದೂ ಹಿಡಿಸಿರಲಿಲ್ಲ. ಕೊನೆಗೆ ಸುಮ್ಮನೆ ಒಂದೊಂದೇ ಪದ ಇಟ್ಟಿದ್ದೆ. ಒತ್ತಿದೆ. "ದೀಪ"

ಅಕ್ಕ ಜೋರಾಗಿ ಓದಿದಳು. ಅಕ್ಷರಕ್ಕಿಂತ ಅರ್ಧ ಉಸಿರು ಮುಂದೆ, ಅವಳಿಗೆ ಕಾಯಲು ಎಂದೂ ಬರಲಿಲ್ಲ. "ಆರಿಸಿ" ಅನ್ನುವಾಗ ಅವಳ ಅಕ್ಕಪಕ್ಕ ಕೂತವರೂ ದನಿಗೂಡಿಸಿದರು. "ಮಾತು" ಅನ್ನುವಾಗ ಹಾಲ್ ಪೂರ್ತಿ. ಒಟ್ಟಿಗೆ ಅಲ್ಲ, ಚರ್ಚಿನಲ್ಲಿ ಜಪಮಾಲೆ ಹೇಳುವ ಹಾಗೆ, ಒಬ್ಬರ ಹಿಂದೆ ಒಬ್ಬರು ತಡವರಿಸುತ್ತ. ಫರ್ಗಸ್ಸಿನ ಮಾರ್ಟಿನ ಗಂಟಲು ಎಲ್ಲರ ಮೇಲೆ. ಕೊನೆಯ ಪದ ನಾನಿನ್ನೂ ಒತ್ತಿರಲಿಲ್ಲ. ಅವರೇ ಹೇಳಿದರು.

"ಹಚ್ಚಿ!"

ಗುಂಡಿಯ ಮೇಲೆ ಬೆರಳಿತ್ತು. ಒತ್ತಲಿಲ್ಲ. ಸ್ಕ್ರೀನಿನಲ್ಲಿ ಆ ಜಾಗ ಖಾಲಿಯೇ ಉಳಿಯಿತು, ಬರೀ ಕೆರೆ.

ದೀಪ ಆರಿತು.

ಸಾಯಲಿಲ್ಲ. ಇದನ್ನೂ ಬರೆದಿಡುತ್ತೇನೆ.


ಮಾರ್ಚ್ ೧೬, ಸೋಮವಾರ. ಸಂಜೆ

ನೂಲಾ ಬಟ್ಟೆ ಒಯ್ದಳು, ಲಾರಿಗೆ ಹೊದಿಸಲು. ಹೋಗುವಾಗ ಕೇಳಿದಳು, "ಮಾರ್ಟಿನ ಅಕ್ಷರಗಳನ್ನ ಸ್ವಲ್ಪ ನಡೆಯೋದು ಕಲಿಸ್ತೀಯಾ? ಗುರುವಾರಗಳಂದು?" ತಲೆಯಾಡಿಸಿದೆ. ಪುಟಿತ ಬಿಡುವುದಾದರೆ ಮಾತ್ರ ಅಂತ ಬರೆದೆ. ಬಿಡಲ್ಲ ಅಂದಳು.

ಫರ್ಗಸ್ ಫಲಕ ತಂದ. ಕೋಟು ತಾನೇ ಬಾಗಿಲಲ್ಲಿ ಬಿಚ್ಚತೊಡಗಿದ.

"ಹಾಕ್ಕೊಂಡೇ ಬಾ" ಅಂದಳು ಅಕ್ಕ.

ನಾನೂ ಅವನೂ ಒಬ್ಬರ ಮುಖ ಒಬ್ಬರು ನೋಡಿದೆವು. ಫಲಕದಲ್ಲಿ ಸಣ್ಣ ತಗ್ಗು ಬಿದ್ದಿದೆ. ಅವನ ತಲೆಯದು. ಅದನ್ನು ನೋಡಿ ಮೇಜಿನ ಮೇಲೆ ನಿಲ್ಲಿಸಿದೆ. ಈಗ ಇರಲಿ.

"ಮುಂದಿನ ವರ್ಷ..." ಅಂತ ಶುರುಮಾಡಿದ.

ಸ್ಲೇಟು ಎತ್ತಿದೆ. ಬರೆಯುವ ಮುಂಚೆಯೇ, "ಗೊತ್ತು, ಗೊತ್ತು, ನಿನ್ನದೇ" ಅಂದ. "ನಾಳೆ ಮೆರವಣಿಗೆಗಾದ್ರೂ ಬರ್ತೀಯಾ? ಒಂದು ಸಲಕ್ಕಾದ್ರೂ?"

ಜೀವಮಾನದಲ್ಲಿ ಆ ಮೆರವಣಿಗೆಗೆ ಅಕ್ಕನೂ ನಾನೂ ಹೋಗಿಲ್ಲ. ಊರೆಲ್ಲ ಹಸಿರುಟ್ಟ ದಿನ ಟ್ಯಾನ್ಸಿಗಳ ಮನೆಯ ಕಿಟಕಿ ಮುಚ್ಚಿರುತ್ತದೆ.

ಅವನು ಹೋದಮೇಲೆ ಅಕ್ಕ ಮಹಡಿಯಿಂದ ಕಂಪನಿಯ ತಗಡಿನ ಪೆಟ್ಟಿಗೆ ಎಳೆದು ತಂದಳು. ಬೀಗದ ಕೈ ಅವಳ ಕೊರಳಿನ ಸರದಲ್ಲಿ, ಶಿಲುಬೆಯ ಪಕ್ಕ ಇತ್ತು. ಇಷ್ಟು ವರ್ಷ ನಾನು ಕೇಳಿರಲಿಲ್ಲ. ತಳದಲ್ಲಿ, ಪತ್ರಿಕೆಯ ಹಾಳೆಯಲ್ಲಿ ಸುತ್ತಿ...

ಹಸಿರು ವೇಸ್ಟ್‌ಕೋಟು.

"ಸುಟ್ರೆ ಹೊಗೆಯಲ್ಲಿ ಇನ್ಯಾರಿಗೋ ತಗಲುತ್ತೆ ಅಂತ ಸುಡಲಿಲ್ಲ" ಅಂದಳು. "ಬೇರೆಯವರು ಹಾಕ್ಕೋಬಾರದು ಅಂತ ಬೀಗ ಹಾಕಿದೆ." ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದಳು. "ನೋಡು, ಕಪ್ಪು ಕಾಣಲ್ಲ. ಯಾವತ್ತೂ ಕಂಡಿರ್ಲಿಲ್ಲ. ಒಳ್ಳೆ ಹಸಿರು." ಒಂದು ಗುಂಡಿ ಇಲ್ಲ. ಅವಳು ಹೊಲಿಯಲು ಕೂತಿದ್ದಾಳೆ. ಗ್ಲೌಸಿಲ್ಲ.

ಅವಳ ಕೈಗೆ ಕೊಡುವ ಮುಂಚೆ ತೊಟ್ಟು ನೋಡಿದೆ. ಅಪ್ಪ ನನಗಿಂತ ಸಣ್ಣವನಿದ್ದ. ಯಾರು ನಂಬುತ್ತಾರೆ!

ಕೇಳಿರಿ, ಮಹಾಜನಗಳೇ! ಬಾಗಿಲ ಹತ್ತಿರದ ಅರೆಮನಸ್ಸಿನವರೇ, ನೀವೂ ಕೇಳಿರಿ! ನಾಳೆ ಬೆಳಗ್ಗೆ ಹನ್ನೊಂದಕ್ಕೆ, ಕ್ಲೂನಾರಾದ ಮುಖ್ಯ ಬೀದಿಯಲ್ಲಿ, ಲಾರಿಯ ಮುಂಭಾಗದಲ್ಲಿ, ಎಡಕ್ಕೆ ಅಕ್ಕ, ಬಲಗೈಯಲ್ಲಿ ಗಂಟೆ, ಮೈಮೇಲೆ ಅಪ್ಪನ ವೇಸ್ಟ್‌ಕೋಟು, ಹಸಿರು ಬಟ್ಟೆಯಿಂದ ಸರಿಯಾಗಿ ಎರಡು ಹೆಜ್ಜೆ ಮುಂದೆ ನಿಂತು, ನಾನು—